ಟ್ರಂಕಿನೊಳಗಿನ ಕಥೆ ಪುಸ್ತಕ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಕೆಲವು ಅಂಗನವಾಡಿಗಳಲ್ಲಿ ಮಕ್ಕಳಿಗೆ ಕಥೆ ಪುಸ್ತಕ ಕೊಟ್ಟು, ತಾಯಂದಿರಿಗೆ ತಿಂಗಳಿಗೊಂದು ಸಭೆ ಮಾಡುವ ಕಾರ್ಯಕ್ರಮ ನಡೆದಿತ್ತು. ಅದರಿಂದ ಏನಾದರೂ ಉಪಯೋಗ ಆಯ್ತಾ ಅಂತ ನೋಡುವ ಕೆಲಸ ನನಗೆ ಬಂತು.

ಮೊದಲು ದಡ್ಡತನ ಮಾಡಿದೆ. ವರ್ಣಮಾಲೆ ಎಷ್ಟು ಬರುತ್ತದೆ ಎಂದು ಕೇಳಿದೆ. ಮಕ್ಕಳು ಹಾಡಿನ ಹಾಗೆ ಒಪ್ಪಿಸಿದರು. ನಡುವಿನ 'ಎ' ಮೇಲೆ ಬೆರಳಿಟ್ಟು ಇದೇನು ಅಂದರೆ, ಮತ್ತೆ 'ಅ'ದಿಂದ ಶುರು! ನನ್ನ ಹಾಳೆಯಲ್ಲಿ ಮಾತ್ರ ಎಲ್ಲರಿಗೂ ಒಳ್ಳೆಯ ಅಂಕ.

ಹಾಗಾಗಿ ಪರೀಕ್ಷೆಯನ್ನೇ ಬದಲಿಸಿ, ಪುಸ್ತಕವನ್ನು ತಲೆಕೆಳಗಾಗಿ ಕೊಟ್ಟೆವು. ಮಗು ತಿರುಗಿಸಿಕೊಳ್ಳುತ್ತದಾ? ಎಲ್ಲಿಂದ ಓದಬೇಕು ಅಂದರೆ ಚಿತ್ರ ಮುಟ್ಟುತ್ತದಾ, ಅಕ್ಷರದ ಸಾಲು ಮುಟ್ಟುತ್ತದಾ? ಇದು ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ನ್ಯೂಜಿಲೆಂಡಿನ ಮೇರಿ ಕ್ಲೇ ತೋರಿಸಿದ ದಾರಿ. ಆಮೇಲೆ ಪದವನ್ನು ಬಿಡಿಸಿ ಹೇಳುತ್ತಾ ಚಪ್ಪಾಳೆ. ತೊ-ಗ-ರಿ, ಮೂರು. ಕನ್ನಡದಲ್ಲಿ ಒಂದು ಅಕ್ಷರಕ್ಕೆ ಹೆಚ್ಚುಕಡಿಮೆ ಒಂದು ಚಪ್ಪಾಳೆ ಬೀಳುತ್ತದೆ, ಹಾಗಾಗಿ ಈ ಆಟ ನಮ್ಮ ಲಿಪಿಗೆ ಚೆನ್ನಾಗಿ ಹೊಂದುತ್ತದೆ. ಕೊನೆಗೆ ಒಂದು ಸಣ್ಣ ಕಥೆ ಹೇಳಿ, ಮಗುವಿನ ಬಾಯಲ್ಲಿ ತಿರುಗಿ ಹೇಳಿಸಿದೆವು.

ಲಂಬಾಣಿ ತಾಂಡಾದಲ್ಲಿ ಒಬ್ಬಳು ಹುಡುಗಿ ಅಮ್ಮನ ಚಿತ್ರ ನೋಡಿ 'ಯಾಡಿ' ಅಂದಳು. ನಮ್ಮ ಜೊತೆಗಿದ್ದವರು 'ತಪ್ಪು' ಅಂತ ಬರೆದುಕೊಂಡರು. ಲಂಬಾಣಿಯಲ್ಲಿ ಯಾಡಿ ಅಂದರೆ ಅಮ್ಮ, ಅಲ್ವಾ? ಅವತ್ತಿನಿಂದ ಮನೆಮಾತಿನ ಉತ್ತರಕ್ಕೂ ಪೂರ್ತಿ ಅಂಕ. ಕಥೆಯನ್ನು ಲಂಬಾಣಿಯಲ್ಲೇ ಹೇಳಲು ಬಿಟ್ಟಾಗ, ಬಾಯಿ ಬಿಡದಿದ್ದ ಮಕ್ಕಳು ನಿಲ್ಲಿಸಲೇ ಇಲ್ಲ.

ತಾಯಂದಿರ ಪ್ರಶ್ನೆಗಳನ್ನೂ ಬದಲಿಸಬೇಕಾಯಿತು. 'ಮನ್ಯಾಗ ಕಥಿ ಹೇಳ್ತೀರಾ?' ಅಂದರೆ ಎಲ್ಲರದ್ದೂ 'ಹೌದ್ರಿ, ದಿನಾ ಹೇಳ್ತೀವ್ರಿ'. 'ನಿನ್ನೆ ರಾತ್ರಿ ಯಾವ ಕಥಿ?' ಅಂದರೆ ಜಾಸ್ತಿ ಮಂದಿ ಸುಮ್ನೆ ನಗುತ್ತಿದ್ದರು. ಪುಸ್ತಕ ತೋರಿಸಿ ಅಂದಾಗ ಒಬ್ಬಾಕೆ ಟ್ರಂಕಿನ ಬೀಗ ತೆಗೆದರು. 'ಹುಡುಗ ಹರೀತಾನಂತ ಇಟ್ಟೀನ್ರಿ.' ಪುಸ್ತಕ ಹೊಸದರಂತೆ ಹೊಳೆಯುತ್ತಿತ್ತು. ಆಮೇಲೆ ನಾನು ಪುಸ್ತಕದ ಮೂಲೆ ಮಡಚಿದೆಯಾ, ಎಣ್ಣೆ ಕಲೆ ಇದೆಯಾ ಅಂತ ನೋಡತೊಡಗಿದೆ. ಬಾಯಿಮಾತಿಗಿಂತ ಅದನ್ನೇ ಹೆಚ್ಚು ನಂಬಿದೆ.

ಲೆಕ್ಕದಲ್ಲಿ ಎಡವಿದ್ದು ಗುಳೆಯಿಂದ. ಈ ಹೊಸ ಪರೀಕ್ಷೆಯನ್ನು ಎರಡನೇ ಸಲ ಮಾಡುವ ಹೊತ್ತಿಗೆ ಎಷ್ಟೋ ಮನೆಗಳಿಗೆ ಬೀಗ. ಮಕ್ಕಳನ್ನೂ ಕಟ್ಟಿಕೊಂಡು ಬೆಂಗಳೂರು, ಮುಂಬೈಗೆ ದುಡಿಯಲು ಹೋಗಿದ್ದರು. ಉಳಿದವರು ಸ್ವಲ್ಪ ಅನುಕೂಲಸ್ಥರ ಮಕ್ಕಳು. ಹಾಗಾಗಿ ಸರಾಸರಿ ತಾನಾಗೇ ಏರಿತ್ತು. ಎರಡೂ ಸಲ ಸಿಕ್ಕ ಮಕ್ಕಳನ್ನಷ್ಟೇ ಹೋಲಿಸಿದೆ. ಕಾರ್ಯಕ್ರಮ ಇಲ್ಲದ ಅಂಗನವಾಡಿಗಳ ಜೊತೆಗೂ ಹೋಲಿಸಿ ನೋಡಿದೆ; ಈ ವಯಸ್ಸಿನಲ್ಲಿ ಮಕ್ಕಳು ನಾವು ಏನೂ ಮಾಡದಿದ್ದರೂ ಬೆಳೆಯುತ್ತಾರಲ್ಲ. ಅಕ್ಷರ ಗುರುತಿಸುವುದರಲ್ಲಿ ವ್ಯತ್ಯಾಸ ಕಾಣಲೇ ಇಲ್ಲ. ಕಥೆ ಹೇಳುವುದರಲ್ಲಿ ಮಾತ್ರ ಚೆನ್ನಾಗೇ ಕಂಡಿತು.

ಹಣ ಕೊಟ್ಟವರಿಗೆ ಇದು ಅಷ್ಟು ಹಿಡಿಸಲಿಲ್ಲ. ಮೊದಲಿನ ವರ್ಣಮಾಲೆಯ ಅಂಕಿಯನ್ನೇ ಹಾಕಿ ಅಂದರು. ನಾನು ಎರಡನ್ನೂ ಹಾಕಿದೆ, ಯಾಕೆ ಎರಡು ಅಂತಲೂ ಬರೆದೆ.

ಈ ವರ್ಷ ಪುಸ್ತಕ ಹಂಚುವ ಮುಂಚೆ ಟೀಚರ್‌ಗಳಿಗೆ ಒಂದೇ ಮಾತು ಹೇಳಿದ್ದೇನೆ: ಹರಿದರೆ ಯಾರೂ ಬೈಯೋದಿಲ್ಲ ಅಂತ ತಾಯಂದಿರೂ ಇರುವ ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆಯಲ್ಲೇ ಹೇಳಿಬಿಡಿ.