ಮಾರ್ಚ್‌ನಲ್ಲೇ ಚಾಟನಿ: ಬನವಾಸಿ ಬದಿಯ ನನ್ನ ದ್ರಾಕ್ಷಿ

ಈ ಸಲ ಇಪ್ಪತ್ತು ಗುಂಟೆ ಬೇಣದಲ್ಲಿ (ಹುಲ್ಲು ಬೆಳೆಯುವ ಜಾಗ) ಮೂರೂವರೆ ಟನ್ನಿನ ಹತ್ತಿರ ದ್ರಾಕ್ಷಿ ಇಳಿಯಿತು. ತೂಕದ ಚೀಟಿಗಳನ್ನೆಲ್ಲ ಜೋಪಾನ ಮಾಡಿಲ್ಲ, ನೂರಿನ್ನೂರು ಕಿಲೋ ಹೆಚ್ಚುಕಡಿಮೆ ಇದ್ದೀತು. ಶಿರಸಿ ತಾಲ್ಲೂಕಿನಲ್ಲಿ ದ್ರಾಕ್ಷಿ ಬಳ್ಳಿ ಹಬ್ಬುತ್ತದೆ, ಹಣ್ಣು ಮಾತ್ರ ಕೊಡುವುದಿಲ್ಲ ಎಂದು ಸಭೆಗಳಲ್ಲಿ ಎದ್ದು ನಿಂತು ಹೇಳಿದವರಿದ್ದಾರೆ. ಅವರಲ್ಲಿ ಇಬ್ಬರು ಈ ವರ್ಷ ನನ್ನ ಚಪ್ಪರದ ಕೆಳಗೇ ನಿಂತು ಹಣ್ಣು ತಿಂದು ಹೋದರು. ಚಪ್ಪರ ಕಟ್ಟುವುದು, ಕಡ್ಡಿ ಹಬ್ಬಿಸುವುದು ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಆ ಭಾಗವನ್ನು ಬಿಟ್ಟುಬಿಡುತ್ತೇನೆ.

ಮೊದಲೇ ಒಂದು ಮಾತು. ನನ್ನ ಜಮೀನು ಬನವಾಸಿ ಬದಿಗಿದೆ. ಇಲ್ಲಿ ಮಳೆ ಪಶ್ಚಿಮದ ಭಾಗಕ್ಕಿಂತ ಬಹಳ ಕಡಿಮೆ. ಆ ಪಶ್ಚಿಮದ ಹುಲೇಕಲ್ ಕಡೆಯವರು ಇದನ್ನು ಓದಿದ ಹುಮ್ಮಸ್ಸಿನಲ್ಲಿ ಕಂಬ ಹೂಳಿಸಬೇಡಿ.

ಶುರುವಿನಲ್ಲಿ ಡಾಗ್‌ರಿಡ್ಜ್ ಎಂಬ ಗಟ್ಟಿ ಬೇರಿನ ತಳಿಯ ಮೇಲೆ ಕಸಿ ಕಟ್ಟಿದ ಥಾಮ್ಸನ್ ಎಂಬ ಬೀಜವಿಲ್ಲದ ದ್ರಾಕ್ಷಿ ತಂದು ನೆಟ್ಟೆ. ಎರಡನೆಯ ಆಗಸ್ಟ್ ಮುಗಿಯುವಷ್ಟರಲ್ಲಿ ತೇವಕ್ಕೆ ಬರುವ ಡೌನಿ ಎಂಬ ಬೂಷ್ಟು ರೋಗಕ್ಕೆ ಗಿಡದಲ್ಲಿ ಒಂದು ಎಲೆಯೂ ಉಳಿಯಲಿಲ್ಲ. ಗಿಡ, ಸಾಗಾಟ, ಗೊಬ್ಬರ ಸೇರಿ ಹದಿನೆಂಟು ಸಾವಿರ ಮಣ್ಣಿಗೆ ಹೋಯಿತು. ಆಮೇಲೆ ಚಿಕ್ಕಬಳ್ಳಾಪುರದಿಂದ ಬೆಂಗಳೂರು ಬ್ಲೂ ತಳಿಯ ಕಡ್ಡಿ ತರಿಸಿದೆ. ಸಿಪ್ಪೆ ದಪ್ಪ, ಬೀಜ ಇದೆ, ತಿನ್ನುವವರು ಮೂಗು ಮುರಿಯುತ್ತಾರೆ. ಆದರೆ ತೇವವನ್ನು ತಡೆದುಕೊಳ್ಳುವುದರಲ್ಲಿ ಥಾಮ್ಸನ್ ಅದರ ಹತ್ತಿರವೂ ಸುಳಿಯುವುದಿಲ್ಲ. ಈಗ ನೂರ ಎಂಬತ್ತರಷ್ಟು ಬಳ್ಳಿಗಳಿವೆ.

ಚಪ್ಪರಕ್ಕೆ ಮೊದಲು ಹಾಕಿದ್ದು ಅಡಿಕೆ ಮರದ ಕಂಬ. ಮನೆಯದೇ ಮರ, ದುಡ್ಡಿಲ್ಲ. ಮೂರನೆಯ ಮಳೆಗಾಲಕ್ಕೆ ಬುಡವನ್ನು ಒರಲೆ ತಿಂದು ಅರ್ಧ ಚಪ್ಪರ ನೆಲಕ್ಕೆ ಕೂತಿತು. ಕಲ್ಲುಕಂಬಕ್ಕೂ ತಂತಿಗೂ ಸೇರಿ ಮೂರೂವರೆ ಲಕ್ಷ ಸಾಲ ಮಾಡಬೇಕಾಯಿತು.

ಬಳ್ಳಿ ಬೆಳೆಯಿತು, ಗೊಂಚಲು ಬರಲಿಲ್ಲ. ವಿಜಯಪುರದವರ ಲೆಕ್ಕದಂತೆ ಏಪ್ರಿಲ್ ಮೂರನೆಯ ವಾರ ಒಂದು ಚಾಟನಿ (ಬಳ್ಳಿ ಸವರುವುದು), ಅಕ್ಟೋಬರ್ ಮೊದಲ ವಾರ ಇನ್ನೊಂದು ಮಾಡುತ್ತಿದ್ದೆ. ಅಕ್ಟೋಬರಿನಲ್ಲಿ ಕಡ್ಡಿಯ ಕಣ್ಣೊಡೆದು ಬಂದ ಚಿಗುರಿನಲ್ಲಿ ಗೊಂಚಲಿನ ಜಾಗದಲ್ಲಿ ಬರೀ ಕುಡಿಬಳ್ಳಿ. ಅಲ್ಲೊಂದು ಇಲ್ಲೊಂದು ಬಂದ ಹೂವನ್ನು ಹಿಂಗಾರಿನ ಮಳೆ ಕೊಳೆಸಿತು. ಪೊಟ್ಯಾಷ್ ಕಡಿಮೆ ಎಂದರು ಒಬ್ಬರು, ಹಾಕಿದೆ. ನೀರು ಹೆಚ್ಚು ಎಂದರು ಇನ್ನೊಬ್ಬರು, ನಿಲ್ಲಿಸಿದೆ. "ಭಾವ, ಆ ತಂತಿಯ ಮೇಲೆ ಹಾಗಲಬಳ್ಳಿಯನ್ನಾದರೂ ಬಿಡು, ಸಾಂಬಾರಿಗಾಗುತ್ತದೆ" ಎಂದ ನೆಂಟರೊಬ್ಬರನ್ನು ನಾನಿನ್ನೂ ಮರೆತಿಲ್ಲ.

ದಾರಿ ತೋರಿಸಿದ್ದು ಮಗನ ಉಪನಯನ. ಅಡುಗೆಯ ಶಾಮಿಯಾನಕ್ಕೆ ಅಂಗಳದ ಕಡೆಯ ಎರಡು ಸಾಲು ಅಡ್ಡವಾಗುತ್ತಿದ್ದವು. ಮಾರ್ಚ್ ಕೊನೆಗೇ ಅವನ್ನು ಸವರಿ ಹಾಕಿದ್ದೆ. ಆ ವರ್ಷ ಗೊಂಚಲು ಕಂಡದ್ದು ಆ ಎರಡೇ ಸಾಲುಗಳಲ್ಲಿ. ಕೂತು ಲೆಕ್ಕ ಹಾಕಿದಾಗ ವಿಷಯ ತಿಳಿಯಿತು. ಬೇಸಿಗೆ ಚಾಟನಿಯಾದ ನಲವತ್ತರಿಂದ ಅರವತ್ತು ದಿನಗಳೊಳಗೆ ಕಣ್ಣಿನಲ್ಲಿ ಮುಂದಿನ ಗೊಂಚಲು ಮೂಡಬೇಕು, ಅದಕ್ಕೆ ಬಿಸಿಲು ಬೇಕು. ವಿಜಯಪುರದಲ್ಲಿ ಜೂನ್‌ನಲ್ಲೂ ಬಿಸಿಲಿರುತ್ತದೆ. ನಮಗೆ ಜೂನ್ ಎಂದರೆ ಮಳೆ, ಕಂಬಳಿಕೊಪ್ಪೆ. ಮಾರ್ಚ್ ಕೊನೆಗೆ ಕತ್ತರಿಸಿದರೆ ಆ ಕೆಲಸ ಮೇ ತಿಂಗಳ ಉರಿಬಿಸಿಲಿನಲ್ಲೇ ಮುಗಿದುಹೋಗುತ್ತದೆ. ಕೊಯ್ಲಾದ ಮೇಲೆ ಬಳ್ಳಿಗೆ ವಿಶ್ರಾಂತಿ ಕೊಡದಿದ್ದರೆ ಸೊರಗುತ್ತದೆ ಎಂದು ತಿಳಿದವರೇ ಹೆದರಿಸಿದರು. ವಾರ, ಹತ್ತು ದಿನ ಬಿಡುತ್ತೇನೆ, ಅಷ್ಟೇ. ಬುಡಕ್ಕೆ ಕೊಟ್ಟಿಗೆ ಗೊಬ್ಬರವನ್ನು ಕೈಬಿಚ್ಚಿ ಹಾಕುತ್ತೇನೆ. ಸೊರಗಿಲ್ಲ.

ಹಿಂಗಾರಿನ ಚಾಟನಿಯನ್ನು ಅಕ್ಟೋಬರ್ ಕೊನೆಯ ವಾರಕ್ಕೆ, ಮಳೆ ಹಿಡಿದಿದ್ದರೆ ನವೆಂಬರಿಗೂ ದೂಡುತ್ತೇನೆ. ಕಣ್ಣು ಸಮನಾಗಿ ಒಡೆಯಲು ಎಲ್ಲರೂ ಹಚ್ಚುವ ರಾಸಾಯನಿಕವನ್ನು ನಾನು ಹಚ್ಚುವುದಿಲ್ಲ. ನನ್ನ ದ್ರಾವಣದಲ್ಲಿ ಬೆಳ್ಳುಳ್ಳಿ ಇದೆ ಎಂದಷ್ಟು ಹೇಳಬಲ್ಲೆ. ಜೊತೆಗೆ ಏನು, ಎಷ್ಟು ಎಂಬುದು ಸದ್ಯಕ್ಕೆ ಮನೆಯೊಳಗೇ ಇರಲಿ.

ಮಳೆಗಾಲದಲ್ಲಿ ಕೆಲಸ ಹೊಸದೇನಿಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ದಿನವೇ ಅದೇ ಡ್ರಮ್ಮಿನಿಂದ ಬಳ್ಳಿಗೂ ಬೋರ್ಡೋ ಬೀಳುತ್ತದೆ. ಬಲಿತ ಎಲೆಗೆ ಒಂದು ಪರ್ಸೆಂಟ್, ನವೆಂಬರಿನ ಎಳೆ ಚಿಗುರಿಗೆ ಅರ್ಧ. ಅದಕ್ಕಿಂತ ಹೆಚ್ಚಾದರೆ ಎಲೆಯಂಚು ಸುಡುತ್ತದೆ. ಅಡಿಕೆಯ ಔಷಧಿ ದ್ರಾಕ್ಷಿಗೆ ಏಕೆ ಎಂದು ನಕ್ಕವರಿಗೆ ಹೇಳಬೇಕಾದದ್ದಿದೆ: ಮೈಲುತುತ್ತ, ಸುಣ್ಣದ ಈ ಮಿಶ್ರಣ 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಯ ಡೌನಿಗೆಂದೇ ಹುಟ್ಟಿದ್ದು. ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆಗೆ ಬಳಸಿ ತೋರಿಸಿದ್ದು ಆಮೇಲೆ. ಸಾಲ ಪಡೆದವರು ನಾವು ಅಡಿಕೆಯವರು, ದ್ರಾಕ್ಷಿಯಲ್ಲ.

ನಡುವೆ ಒಂದು ಸಾಲಿಗೆ ಪ್ಲಾಸ್ಟಿಕ್ ಮಾಡು ಹೊದಿಸಿಯೂ ನೋಡಿದೆ. ಜೂನ್ ಗಾಳಿಗೆ ಅದು ಹಾರಿ ಪಕ್ಕದವರ ಅಡಿಕೆ ಮರಗಳ ತಲೆಗೆ ಸಿಕ್ಕಿಕೊಂಡಿತು. ಬಿಡಿಸಲು ಅಡಿಕೆ ಮರ ಹತ್ತುವ ಕೊನೆಗೌಡನನ್ನೇ ಕರೆಸಬೇಕಾಯಿತು. ನಲವತ್ತು ಸಾವಿರದ ಆಸುಪಾಸು ಹೋಯಿತು. ಹಕ್ಕಿಗೆ, ಬಾವಲಿಗೆ ಅಂಗಡಿಯ ಬಲೆ ದುಬಾರಿಯೆಂದು ತದಡಿ ಬಂದರಿನಿಂದ ಹಳೆಯ ಮೀನುಬಲೆ ತಂದೆ. ಎರಡು ಮಳೆಗೆ ಬಿಟ್ಟು ವಾಸನೆ ತೆಗೆದು ಕಟ್ಟಿದ್ದೇನೆ, ಚೆನ್ನಾಗಿದೆ. ಮಂಗಕ್ಕೆ ಯಾವ ಬಲೆಯೂ ಇಲ್ಲ. ಫೆಬ್ರವರಿ ಪೂರ್ತಿ ಒಬ್ಬ ಆಳು, ಒಂದು ನಾಯಿ.

ಆಳಿನ ತಾಪತ್ರಯ ಮಾತ್ರ ಬಗೆಹರಿದಿಲ್ಲ. ಅಡಿಕೆ ಕೊಯ್ಲು, ಸುಲಿತ ನಡೆಯುವ ದಿನಗಳಲ್ಲೇ ದ್ರಾಕ್ಷಿಯ ಚಿಗುರನ್ನೂ ತೆಳುವು ಮಾಡಬೇಕು. ಹಗಲಿಡೀ ಚಪ್ಪರದಲ್ಲಿದ್ದು ಸಂಜೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುವುದು ನನಗೂ ಹೆಂಡತಿಗೂ ರೂಢಿಯಾಗಿದೆ.

ಮಾರಾಟದ ಸಂಗತಿ. ಹಣ್ಣು ಮಾರ್ಚ್‌ ಎರಡನೆಯ ವಾರ ಕೊಯ್ಲಿಗೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಗದ್ದಲ ಸಿಕ್ಕರೆ ಕಿಲೋಗೆ ಎಪ್ಪತ್ತು, ಇಲ್ಲದಿದ್ದರೆ ನಲವತ್ತೈದು. ವೈನ್ ಕಾರ್ಖಾನೆಯೊಂದರ ಖರೀದಿದಾರರು ಬಂದು ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಹದಿನಾರೇ ಇದೆ ಎಂದು ಮುಖ ತಿರುಗಿಸಿ ಹೋದರು. ನೀವೇ ವೈನ್ ಮಾಡಿ ಎನ್ನುವವರು ಬಹಳ. ಅಬಕಾರಿ ಪರವಾನಗಿಯ ಕಾಗದಪತ್ರವನ್ನಾದರೂ ನಿಭಾಯಿಸಬಹುದು, ಆಯಿಯನ್ನು (ಅಮ್ಮನನ್ನು) ನಿಭಾಯಿಸುವುದು ಕಷ್ಟ. ವಿನೆಗರ್ ಮಾಡಲು ಎರಡು ಪಿಪಾಯಿ ಇಟ್ಟಿದ್ದೆ. ಒಂದು ಹುಳಿಯೇರಿತು, ಇನ್ನೊಂದಕ್ಕೆ ಬೂಷ್ಟು ಬಂತು. ಹುಳಿಯೇರಿದ್ದನ್ನೂ ಆಯಿ ಅಡುಗೆಮನೆಯ ಹೊಸ್ತಿಲು ದಾಟಿಸಲಿಲ್ಲ. ಹಾಗಾಗಿ ಈಗ ಅರ್ಧದಷ್ಟು ಹಣ್ಣು ರಸವಾಗುತ್ತದೆ. ಕಿಲೋಗೆ ಆರುನೂರು ಮಿಲಿ ಸಿಗುತ್ತದೆ. ಕಾಯಿಸಿ ಬಿಸಿಯಿರುವಾಗಲೇ ಬಾಟಲಿಗೆ ತುಂಬುತ್ತೇವೆ. ಮುರುಗಲು ಶರಬತ್ತು ಒಯ್ಯುವ ಗಿರಾಕಿಗಳೇ ಇದನ್ನೂ ಒಯ್ಯುತ್ತಾರೆ. ಲೀಟರಿಗೆ ನೂರೈವತ್ತು. ಒಂದು ಪಾಲು ಮುರುಗಲು ಸೇರಿಸಿದ ರಸ ಮೊದಲು ಖಾಲಿಯಾಗುತ್ತದೆ. ಅದರ ಪ್ರಮಾಣವನ್ನು ಕೇಳಬೇಡಿ.

ಈ ಸಲ ಒಟ್ಟು ಎರಡೂಕಾಲು ಲಕ್ಷದ ಸುತ್ತಮುತ್ತ ಬಂತು, ಖರ್ಚು ತೊಂಬತ್ತು ಸಾವಿರ. ಕಂಬದ ಸಾಲ ಇನ್ನೂ ಒಂದೂವರೆ ಲಕ್ಷ ಬಾಕಿಯಿದೆ. ಪಕ್ಕದ ಹತ್ತು ಗುಂಟೆಗೂ ಚಪ್ಪರ ಹಬ್ಬಿಸುವವನಿದ್ದೇನೆ, ಕಲ್ಲಿನವನಿಗೆ ಮುಂಗಡ ಕೊಟ್ಟಾಗಿದೆ.