ದೊಡ್ಡ ನಾಯಿಗೆ ಹಾಲು ಬೇಕಾ? ಹಾಲು-ಅನ್ನ ಬಿಡಿಸುವುದು ಹೀಗೆ

ಮಾಂಸ ಬೇಯಿಸದ ಮನೆಯ ನಾಯಿಗೆ ಬೆಳಿಗ್ಗೆ ಹಾಲು, ರಾತ್ರಿ ಹಾಲು-ಅನ್ನ. ಮುಧೋಳದ ಕಡೆ ಬೇಟೆ ನಾಯಿಗೂ ಹಾಲು, ರೊಟ್ಟಿ ಹಾಕುವ ರೂಢಿ ಇದೆ. ಕೆಲವು ನಾಯಿಗಳಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ಆದರೆ ವರ್ಷ ದಾಟಿದ ನಾಯಿಗೆ ಹಾಲು ಬೇಕೇ ಬೇಕು ಅಂತೇನಿಲ್ಲ.

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆಯುವ ಕಿಣ್ವ ಮರಿಯ ಕರುಳಿನಲ್ಲಿ ಧಾರಾಳವಾಗಿ ಇರುತ್ತದೆ. ಸುಮಾರು 8 ವಾರಕ್ಕೆ ಮರಿ ಮೊಲೆ ಬಿಡುತ್ತದೆ. ಆಮೇಲೆ ಕಿಣ್ವವೂ ಕಡಿಮೆಯಾಗುತ್ತ ಹೋಗುತ್ತದೆ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗಿಳಿದು ನೀರೆಳೆದುಕೊಳ್ಳುತ್ತದೆ, ಗ್ಯಾಸ್ ಆಗುತ್ತದೆ, ಭೇದಿ ಹತ್ತುತ್ತದೆ. ಕಾಯಿಸಿದರೆ ಲ್ಯಾಕ್ಟೋಸ್ ಹೋಗುವುದಿಲ್ಲ. ನೀರು ಬೆರೆಸಿದರೆ ಹಾಲು ತೆಳ್ಳಗಾಗುತ್ತದೆ, ಅಷ್ಟೇ.

ಮೊದಲು ಪರೀಕ್ಷೆ ಮಾಡಿ. ಎರಡು ದಿನ ಹಾಲು ನಿಲ್ಲಿಸಿ. ಮೂರನೇ ದಿನ ಎರಡು ಚಮಚ ಕೊಟ್ಟು ಮರುದಿನದವರೆಗೆ ಗಮನಿಸಿ. ಹೊಟ್ಟೆ ಗುಡುಗುಡು ಅನ್ನುವುದು, ಹೂಸು, ಸಡಿಲ ಕಕ್ಕ, ವಾಂತಿ ಇವುಗಳಲ್ಲಿ ಯಾವುದು ಕಂಡರೂ ಹಾಲು ಬೇಡ. ಏನೂ ಆಗದಿದ್ದರೆ ಸ್ವಲ್ಪ ಕೊಡಬಹುದು.

ಸ್ವಲ್ಪ ಎಂದರೆ ಎಷ್ಟು? 15 ಕೆ.ಜಿ. ತೂಗುವ ನಾಟಿ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಬೇಕು. ಊಟ ಬಿಟ್ಟು ಕೊಡುವ ತಿಂಡಿ ತೀರ್ಥವೆಲ್ಲ ಅದರಲ್ಲಿ ಹತ್ತನೇ ಒಂದು ಭಾಗ ದಾಟಬಾರದು. ನಂದಿನಿಯ ನೀಲಿ ಪ್ಯಾಕೆಟ್ ಹಾಲಾದರೆ 140 ಮಿ.ಲೀ.ಗೇ ಆ ಲೆಕ್ಕ ಮುಗಿಯಿತು, ಬಿಸ್ಕತ್ತಿಗೆ ಜಾಗವಿಲ್ಲ. ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ, ಅದು ಇನ್ನೂ ಕಡಿಮೆ ಇರಲಿ. ಸಕ್ಕರೆ ಹಾಕಬೇಡಿ. ಉಳಿದ ಟೀ, ಕಾಫಿ, ಚಾಕೊಲೇಟ್ ಹಾಲು ನಾಯಿಗೆ ವಿಷ.

ಕ್ಯಾಲ್ಸಿಯಂಗೆ ಹಾಲು ಬೇಡವಾ ಎಂದು ಕೇಳುವವರು ತುಂಬಾ ಜನ. ಇದೇ ನಾಯಿಗೆ ಬೇಕಾದ ಕ್ಯಾಲ್ಸಿಯಂ ಹಾಲಿನಿಂದಲೇ ಸಿಗಬೇಕಾದರೆ ದಿನಕ್ಕೆ 700 ಮಿ.ಲೀ. ಕುಡಿಸಬೇಕು. ಅಷ್ಟು ಕುಡಿದರೆ ಅದು ಬೇರೆ ಏನು ತಿನ್ನುತ್ತದೆ ಹೇಳಿ! ಪೂರ್ಣ ಆಹಾರ ಎಂದು ಬರೆದಿರುವ ನಾಯಿ ಆಹಾರ ಹಾಕುತ್ತಿದ್ದರೆ ಕ್ಯಾಲ್ಸಿಯಂ ಅದರಲ್ಲೇ ಇರುತ್ತದೆ. ಮನೆ ಊಟವೇ ಆದರೆ ಎಷ್ಟು ಸೇರಿಸಬೇಕು ಎಂದು ಪಶುವೈದ್ಯರನ್ನು ಕೇಳಿ. ಸುಮ್ನೆ ಮಾತ್ರೆ ಹಾಕಬೇಡಿ.

ಈಗ ಹಾಲು-ಅನ್ನ ಬಿಡಿಸೋಣ. ನನ್ನ ಮಟ್ಟಿಗೆ ಹಾಲಿಗಿಂತ ದೊಡ್ಡ ತೊಂದರೆ ಇದೇ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲುವುದಿಲ್ಲ, ಕಬ್ಬಿಣದ ಅಂಶವಂತೂ ಹಾಲಿನಲ್ಲಿ ಇಲ್ಲವೆಂದೇ ಹೇಳಬೇಕು. ಒಂದು ಲೋಟ ಹಾಲಿನಲ್ಲಿ 6 ಗ್ರಾಂ ಪ್ರೋಟೀನ್ ಇದ್ದರೆ ಒಂದು ಮೊಟ್ಟೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಕ್ಯಾಲೊರಿಯೂ ಕಡಿಮೆ, ಲ್ಯಾಕ್ಟೋಸ್ ಕಾಟವೂ ಇಲ್ಲ.

ಒಂದೇ ದಿನಕ್ಕೆ ಬದಲಾಯಿಸಿದರೆ ಹೊಟ್ಟೆ ಕೆಡುತ್ತದೆ. ಮೊದಲ ಎರಡು ದಿನ ತಟ್ಟೆಯ ಕಾಲು ಭಾಗ ಹೊಸ ಊಟವಿರಲಿ: ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ, ಮೆತ್ತಗೆ ಬೆಂದ ಅನ್ನ ಅಥವಾ ರಾಗಿ ಮುದ್ದೆ, ಒಂದಿಷ್ಟು ಕುಂಬಳಕಾಯಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಆಮೇಲೆ ಅರ್ಧ, ಮುಕ್ಕಾಲು. ವಾರ, ಹತ್ತು ದಿನದಲ್ಲಿ ಪೂರ್ತಿ. ನಾಯಿ ಮೂತಿ ತಿರುಗಿಸಿದರೆ ಕಾಲು ಗಂಟೆ ಕಾದು ತಟ್ಟೆ ಎತ್ತಿಡಿ. ಕರಗಿ ಮತ್ತೆ ಹಾಲು ಹೊಯ್ದಿರೋ, ಮರುದಿನವೂ ಅದೇ ನಾಟಕ.

ಮೊಸರು? ಹೆಪ್ಪು ಹಾಕಿದಾಗ ಲ್ಯಾಕ್ಟೋಸ್‌ನ ಒಂದಷ್ಟು ಭಾಗ ಹುಳಿಯಾಗಿ ಬದಲಾಗುತ್ತದೆ. ಹಾಗಾಗಿ ಹಾಲು ಒಗ್ಗದ ಎಷ್ಟೋ ನಾಯಿಗಳಿಗೆ ಮೊಸರು ಒಗ್ಗುತ್ತದೆ. ದಿನಕ್ಕೆ ಒಂದೆರಡು ಚಮಚ ಸಾಕು. ಮಜ್ಜಿಗೆಯಾದರೆ ಒಗ್ಗರಣೆ, ಮೆಣಸಿನಕಾಯಿ ಇಲ್ಲದ ಬೋಳು ಮಜ್ಜಿಗೆ.

ಹಾಲು ನಿಲ್ಲಿಸಿದ ಮೇಲೂ ಭೇದಿ ಒಂದು ದಿನ ದಾಟಿದರೆ, ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಕೆರೆತ, ಕಿವಿ ಸೋಂಕು ಪದೇ ಪದೇ ಬರುತ್ತಿದ್ದರೆ ಹಾಲಿನ ಅಲರ್ಜಿಯೂ ಇರಬಹುದು.

ಇನ್ನೊಂದು. ಉಣ್ಣೆ ಹುಳ ಕಚ್ಚಿ ಬರುವ ಜ್ವರಕ್ಕೆ ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಕೊಡುವುದು ಸಾಮಾನ್ಯ. ಅದನ್ನು ಹಾಲಿನಲ್ಲಿ ಅದ್ದಿ ನುಂಗಿಸುವವರು ಇದ್ದಾರೆ. ಹಾಲಿನ ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಂಡರೆ ಔಷಧ ರಕ್ತಕ್ಕೆ ಸೇರುವುದು ಕಡಿಮೆಯಾಗಬಹುದು. ಪನೀರಿನಲ್ಲಿ ಮುಚ್ಚಿ ಕೊಟ್ಟರೂ ಅದೇ ಕಥೆ. ಕೋಳಿ ತುಂಡಿನೊಳಗೆ ಇಟ್ಟು ಕೊಡಿ, ಹಿಂದೆಯೇ ಸ್ವಲ್ಪ ಊಟ, ನೀರು ಹೋಗಲಿ. ಬರೀ ಮಾತ್ರೆ ಗಂಟಲಲ್ಲಿ ನಿಂತರೆ ಅನ್ನನಾಳ ಸುಡುತ್ತದೆ.