ಟ್ರಾವೆಲ್ಲರ್ ಹಿಂಬಾಗಿಲಿಗೆ ವೀಲ್‌ಚೇರ್ ಲಿಫ್ಟ್ ಕೂಡಿಸಿದ್ದು

"ಇದು ಆಗೂ ಮಾತಲ್ಲ ಬಿಡ್ರಿ. ಸುಮ್ನ ರೊಕ್ಕ ಯಾಕ ಸುರೀತೀರಿ?" ಅಂತ ಹುಬ್ಬಳ್ಳಿ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಆ ಲಿಫ್ಟು ಹದಿನಾಲ್ಕು ತಿಂಗಳಿಂದ ದಿನಾ ಏಳೆಂಟು ಸಲ ಏರಿ ಇಳಿಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹಳೇ ಫೋರ್ಸ್ ಟ್ರಾವೆಲ್ಲರ್. ಹುಬ್ಬಳ್ಳಿ-ಧಾರವಾಡದ ನಡುವೆ ಫಿಸಿಯೋಥೆರಪಿಗೆ ಹೋಗಿಬರುವವರ ಬಾಡಿಗೆಯೇ ಜಾಸ್ತಿ. ಮೊದಲು ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿ ಒಳಗಿಡುತ್ತಿದ್ದರು. ರಿಟೈರಾದ ಮಾಸ್ತರೊಬ್ಬರು ಒಂದಿನ, "ತಮ್ಮಾ, ನನ್ನ ಅಕ್ಕಿಚೀಲದಂಗ ಎತ್ತಬ್ಯಾಡ್ರೋ" ಅಂದರು. ಶುರುವಾಗಿದ್ದು ಅಲ್ಲಿಂದ.

ಮೊದಲು ರ‍್ಯಾಂಪು. ಗಾಡಿಯ ಫ್ಲೋರು ನೆಲದಿಂದ ಸುಮಾರು 28 ಇಂಚು. ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ, ಅಂದರೆ 1:12 ಲೆಕ್ಕ ಹಿಡಿದರೆ 28 ಅಡಿ ಉದ್ದ ಬೇಕು, ಗಾಡಿಗಿಂತ ಜಾಸ್ತಿ! ನಾನು ಚೆಕ್ಕರ್ ಪ್ಲೇಟಿನಲ್ಲಿ 7 ಅಡಿಯದು ಮಾಡಿಸಿದೆ. 11 ಸಾವಿರ ಹೋಯಿತು. ಮೊದಲ ಮಳೆಗೇ ಹುಡುಗ ಜಾರಿದ, ಕುರ್ಚಿ ಹಿಂದಕ್ಕೆ ಬಂತು. ಪುಣ್ಯಕ್ಕೆ ಖಾಲಿ ಇತ್ತು. ಆಮೇಲೆ ಜೀಪಿನ ವಿಂಚ್ (ಹಗ್ಗ ಸುತ್ತಿ ಎಳೆಯುವ ಮೋಟಾರು) ಕಟ್ಟಿ ಎಳೆದೆ. ಮುಂದಿನ ಸಣ್ಣ ಗಾಲಿ ಅಡ್ಡ ತಿರುಗಿ ಕುರ್ಚಿ ಓರೆಯಾಗುತ್ತಿತ್ತು. ಇನ್ನೊಂದು 9 ಸಾವಿರ. ಆ ರ‍್ಯಾಂಪಿನ ಮೇಲೆ ಈಗ ಬೈಕು ಹತ್ತಿಸುತ್ತೇವೆ.

ಚಾಸಿ ಕೆಳಗೆ ಮಡಚಿಕೊಳ್ಳುವ ಲಿಫ್ಟೇ ಚೆಂದ, ಒಳಗೆ ಜಾಗ ತಿನ್ನುವುದಿಲ್ಲ ಅಂತ ಎಲ್ಲರೂ ಅಂದರು. ನನಗೆ ನಂಬಿಕೆ ಬರಲಿಲ್ಲ. ಅದೇ ಅಳತೆಯ ತಗಡಿನ ಡಬ್ಬಿ ಮಾಡಿಸಿ, ಗಾಡಿ ಅಡಿಗೆ ಕಟ್ಟಿ ಒಂದು ವಾರ ಓಡಿಸಿದೆ. ನಮ್ಮ ಹಂಪುಗಳು ಮೂರೇ ದಿನಕ್ಕೆ ಅದನ್ನು ಚಪ್ಪಟೆ ಮಾಡಿದವು. ಬಿಚ್ಚಿದಾಗ ಒಳಗೆ ಅರ್ಧ ಪುಟ್ಟಿ ಕೆಸರು. ಈ ಪರೀಕ್ಷೆಗೆ ಆರುನೂರು ರೂಪಾಯಿ. ಆ ಲಿಫ್ಟಿಗೆ ಹೋಗುತ್ತಿದ್ದ ನಾಲ್ಕು ಲಕ್ಷ ಉಳಿಯಿತು.

ಲಿಫ್ಟು ಆರಿಸುವವರು ಎತ್ತುವ ತೂಕ ಕೇಳುತ್ತಾರೆ. ನಾನು ಮೊದಲು ಟೇಪು ಹಿಡಿದು, ಕುರ್ಚಿಯಲ್ಲಿ ಕೂತವರ ತಲೆಯ ಎತ್ತರ ಅಳೆದೆ. ಮಾಸ್ತರದು ನೆಲದಿಂದ 52 ಇಂಚು. ಬ್ಯಾಟರಿ ಕುರ್ಚಿಯ ಹುಡುಗನದು 57. ಪಕ್ಕದ ಬಾಗಿಲಲ್ಲಿ ಎಲ್ಲಾ ಕಳೆದು ಸಿಗುತ್ತಿದ್ದ ಎತ್ತರ 55. ತಲೆ ಬಗ್ಗಿಸಿ ಅನ್ನಬಹುದು, ಆದರೆ ಕುತ್ತಿಗೆ ಮೇಲೆ ಹಿಡಿತವೇ ಇಲ್ಲದವರಿಗೆ? ಹಾಗಾಗಿ ಹಿಂಬಾಗಿಲು. ಗಾಡಿ ಹಿಂದೆ ಹತ್ತು ಅಡಿ ಖಾಲಿ ಬೇಕು ಅನ್ನುವುದು ಅದರ ರಗಳೆ. ಸ್ಕೂಟರ್ ನಿಲ್ಲಿಸುವವರ ಜೊತೆ ಇವತ್ತಿಗೂ ಜಗಳ ಇದೆ.

ಸರಕು ಎತ್ತಲು ಲಾರಿಯ ಹಿಂದೆ ಹಾಕುವ ಟೇಲ್ ಲಿಫ್ಟು ಅಗ್ಗಕ್ಕೆ ಸಿಗುತ್ತಿತ್ತು. ಹಿಡಿಕೆ ಇಲ್ಲ, ಅಂಚಿನಲ್ಲಿ ಗಾಲಿ ತಡೆಯುವ ಫ್ಲಾಪಿಲ್ಲ. ಬೇಡ ಅಂದೆ. ಹೊರದೇಶದ್ದಕ್ಕೆ ನಾಲ್ಕು ಲಕ್ಷದ ಮೇಲೆ ಹೇಳಿದರು. ಕೊನೆಗೆ ಬೆಳಗಾವಿ ಉದ್ಯಮಬಾಗದಿಂದ ಸಿಲಿಂಡರು, 12 ವೋಲ್ಟಿನ ಪವರ್ ಪ್ಯಾಕು (ಮೋಟಾರು, ಎಣ್ಣೆ ಪಂಪು ಸೇರಿದ್ದು) ತಂದು, ಫ್ರೇಮು ಇಲ್ಲೇ ಕಟ್ಟಿಸಿದೆ. ಪ್ಲಾಟ್‌ಫಾರ್ಮು 30ಕ್ಕೆ 48 ಇಂಚು, 300 ಕಿಲೋ ಎತ್ತುತ್ತದೆ. ದೊಡ್ಡ ಬ್ಯಾಟರಿ ಕುರ್ಚಿ ಖಾಲಿಯೇ ನೂರು ಕಿಲೋ ಹತ್ತಿರ ಇರಬಹುದು, ಮೇಲೆ ಮನುಷ್ಯ, ಹಿಡಿಯುವವನೊಬ್ಬ. ಇದಕ್ಕಿಂತ ಕಡಿಮೆಗೆ ಹೋಗಬೇಡಿ. ಫ್ಲೋರಿನ ಕೆಲಸ, ಕುರ್ಚಿ ಕಟ್ಟುವ ನಾಲ್ಕು ಬೆಲ್ಟು ಸೇರಿ ಒಟ್ಟು 1.8 ಲಕ್ಷ ಆಗಿರಬೇಕು. ಲಿಫ್ಟಿನ ತೂಕವೇ ಒಂದೂವರೆ ಕ್ವಿಂಟಲ್. ಅದಕ್ಕೆ ಹಿಂದಿನ ಸ್ಪ್ರಿಂಗ್ ಪಟ್ಟಿಗೆ ಒಂದೊಂದು ಎಲೆ ಜಾಸ್ತಿ ಹಾಕಿಸಿದೆ.

ಮೊದಲ ವಾರವೇ ಮಾನ ಹೋಯಿತು. ಪಂಪು ನೂರು ಆಂಪಿಯರ್ ಹತ್ತಿರ ಎಳೆಯುತ್ತದೆ, ನಾನು ಎಳೆದದ್ದು ಬಡಕಲು ವೈರು. ವೈರು ಕಾದು, ಪಂಪು ಸೊರಗಿ, ಮಾಸ್ತರು ಅರ್ಧದಲ್ಲೇ ನಿಂತರು. "ಇರ್ಲಿ ಬಿಡೋ, ಇಲ್ಲಿಂದ ಊರು ಚಂದ ಕಾಣ್ತದ" ಅಂದರು. ಕೈಪಂಪು ಇದ್ದದ್ದಕ್ಕೆ ಬಚಾವಾದೆ, ನಲವತ್ತು ಸಲ ಒತ್ತಿ ಮೇಲೆ ತಂದೆ. ಕೈಪಂಪಿಲ್ಲದ ಲಿಫ್ಟನ್ನು ಬಿಟ್ಟಿ ಕೊಟ್ಟರೂ ತಗೋಬೇಡಿ. ಮರುದಿನವೇ 35 ಸ್ಕ್ವೇರ್ ಎಂಎಂ ದಪ್ಪದ ವೆಲ್ಡಿಂಗ್ ಕೇಬಲ್ಲು, ಬ್ಯಾಟರಿ ಪಕ್ಕದಲ್ಲೇ ಫ್ಯೂಜು.

ಆಮೇಲೆ ಲಿಫ್ಟು ತಾನಾಗಿ ಇಳಿಯುತ್ತದಾ ನೋಡಲು ನಾಲ್ಕು ಚೀಲ ಸಿಮೆಂಟು ಹೇರಿ ರಾತ್ರಿಯಿಡೀ ಎತ್ತಿಟ್ಟೆ. ಬೆಳಗ್ಗೆ ನಾಲ್ಕು ಬೆರಳು ಇಳಿದಿತ್ತು. ವಾಲ್ವಿನಲ್ಲಿ ವೆಲ್ಡಿಂಗ್ ಕಸ ಕೂತಿತ್ತು. ತೊಳೆದು ಎಣ್ಣೆ ಬದಲಿಸಿದ ಮೇಲೆ ಕದಲಲಿಲ್ಲ. ನೆಲ ಮುಟ್ಟುವಾಗ ಧಡ್ ಅನ್ನುತ್ತಿದ್ದದ್ದನ್ನು ಹೇಗೆ ತೆಗೆದೆ ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ. ಎರಡು ತಿಂಗಳ ತಲೆನೋವು ಅದು. ಗಾಡಿ ನೋಡಲು ಬನ್ನಿ, ಚಹಾ ಕುಡಿಯುತ್ತಾ ನೋಡೋಣ.

ಸೀಟು ಕಳಚುವ ಮುಂಚೆಯೇ ಆರ್‌ಟಿಓದಲ್ಲಿ ಕೇಳಿ, ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಿ. ಇನ್ಶೂರೆನ್ಸಿನವರಿಗೂ ತಿಳಿಸಿ. ನಾನು ಉಲ್ಟಾ ಮಾಡಿ ಇಪ್ಪತ್ತು ದಿನ ಗಾಡಿ ನಿಲ್ಲಿಸಿದೆ. ಬಾಡಿಗೆ ಲೆಕ್ಕ ನೀವೇ ಹಾಕಿಕೊಳ್ಳಿ.

ಆಗೂ ಮಾತಲ್ಲ ಅಂದಿದ್ದ ಅಣ್ಣನೇ ಹೋದ ವಾರ ತನ್ನ ವಿಂಗರ್ ವ್ಯಾನು ತಂದು ನಿಲ್ಲಿಸಿದ್ದಾನೆ. ಎರಡೂಕಾಲು ಲಕ್ಷ ಹೇಳಿದ್ದೇನೆ. ಒಂದೂಮುಕ್ಕಾಲಕ್ಕೆ ಕೇಳುತ್ತಿದ್ದಾನೆ.